ಊರಿನಲ್ಲಿ ಹಾರ, ಟೋಲ್ ಗೇಟಿನಲ್ಲಿ ತಕರಾರು: ಸಮವಸ್ತ್ರಕ್ಕೆ ಸಲ್ಲಬೇಕಾದದ್ದು ಏನು?

2025ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಮೀರತ್ ಸಮೀಪದ ಭೂನಿ ಟೋಲ್ ಪ್ಲಾಜಾದಲ್ಲಿ, ರಜೆ ಮುಗಿಸಿ ಶ್ರೀನಗರದ ಕರ್ತವ್ಯಕ್ಕೆ ಹೊರಟಿದ್ದ ಸೈನಿಕರೊಬ್ಬರನ್ನು ಅಲ್ಲಿನ ಸಿಬ್ಬಂದಿ ಕಂಬಕ್ಕೆ ಕಟ್ಟಿ ಥಳಿಸಿದ ದೃಶ್ಯ ದೇಶದ ಉದ್ದಗಲಕ್ಕೂ ಹರಿದಾಡಿತು. ಟೋಲ್ ಸಂಗ್ರಹಿಸುತ್ತಿದ್ದ ಸಂಸ್ಥೆಗೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 20 ಲಕ್ಷ ರೂಪಾಯಿ ದಂಡ ವಿಧಿಸಿ, ಗುತ್ತಿಗೆ ರದ್ದುಪಡಿಸಲು ಕ್ರಮ ಕೈಗೊಂಡಿತು. ಅದೇ ತಿಂಗಳ ಆರಂಭದಲ್ಲಿ ಇದಕ್ಕೆ ತದ್ವಿರುದ್ಧವಾದ ಮತ್ತೊಂದು ದೃಶ್ಯ ಹೊರಬಂದಿತ್ತು. ಶ್ರೀನಗರ ವಿಮಾನ ನಿಲ್ದಾಣದಲ್ಲಿ ಮಿತಿ ಮೀರಿದ ಕ್ಯಾಬಿನ್ ಲಗೇಜಿಗೆ ಹಣ ಕೇಳಿದ ಖಾಸಗಿ ವಿಮಾನಯಾನ ಸಂಸ್ಥೆಯ ಸಿಬ್ಬಂದಿಯ ಮೇಲೆ ಸೇನಾಧಿಕಾರಿಯೊಬ್ಬರು ಹಲ್ಲೆ ನಡೆಸಿದ ಆರೋಪ ಅದರಲ್ಲಿತ್ತು.

ಎರಡೂ ಘಟನೆಗಳು ಕರಾವಳಿಯಿಂದ ಬಹುದೂರದಲ್ಲಿ ನಡೆದವು. ಆದರೂ ಅವು ಎಬ್ಬಿಸಿದ ಪ್ರಶ್ನೆ ಮಂಗಳೂರು ಮತ್ತು ಉಡುಪಿಯ ಓದುಗರಿಗೆ ಹತ್ತಿರದ್ದೇ. ತಲಪಾಡಿ, ಹೆಜಮಾಡಿ, ಸಾಸ್ತಾನ, ಶಿರೂರು ಎಂದು ಹೆದ್ದಾರಿ 66ರಲ್ಲಿ ಸಾಲಾಗಿ ಟೋಲ್ ಗೇಟುಗಳಿರುವ, ಬೆಂಗಳೂರು ದಾರಿ ಹಿಡಿದರೆ ಬ್ರಹ್ಮರಕೂಟ್ಲಿನಲ್ಲಿ ಇನ್ನೊಂದು ಎದುರಾಗುವ ಈ ಎರಡು ಜಿಲ್ಲೆಗಳಲ್ಲಿ ಸೈನಿಕರಿಂದ ಟೋಲ್ ಕೇಳಬಹುದೇ ಎಂಬುದಕ್ಕೆ ಖಚಿತ ಉತ್ತರ ಗೊತ್ತಿರುವವರು ಕಡಿಮೆ. ಸೈನಿಕನ ಬಳಿ ಹಣ ಕೇಳುವುದೇ ದೇಶಕ್ಕೆ ಮಾಡುವ ಅವಮಾನ ಎಂದು ಒಂದು ಪಕ್ಷ ವಾದಿಸಿದರೆ, ಸಮವಸ್ತ್ರ ತೊಟ್ಟ ಮಾತ್ರಕ್ಕೆ ಎಲ್ಲರಿಗೂ ಅನ್ವಯವಾಗುವ ನಿಯಮ ಸಡಿಲವಾಗಬೇಕೇ ಎಂದು ಮತ್ತೊಂದು ಪಕ್ಷ ಕೇಳುತ್ತದೆ. ಈ ವಾಗ್ವಾದದಲ್ಲಿ ಕಾನೂನು ಕೊಟ್ಟಿರುವ ಹಕ್ಕು ಮತ್ತು ಸಮಾಜ ಮನಸಾರೆ ತೋರುವ ಗೌರವ ಎಂಬ ಎರಡು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತುಹೋಗಿವೆ. ಅವುಗಳನ್ನು ಬಿಡಿಸಿ ನೋಡದೆ ಯಾವ ಘಟನೆಯೂ ಅರ್ಥವಾಗುವುದಿಲ್ಲ.

ಕಾನೂನು ಕೊಟ್ಟಿರುವುದು ಎಷ್ಟು

ಸೈನಿಕರ ಟೋಲ್ ವಿನಾಯಿತಿಯ ಮೂಲ ಬ್ರಿಟಿಷರ ಕಾಲದ 1901ರ ಭಾರತೀಯ ಸುಂಕ (ಭೂಸೇನೆ ಮತ್ತು ವಾಯುಪಡೆ) ಕಾಯ್ದೆಯಲ್ಲಿದೆ. ಕರ್ತವ್ಯದ ಮೇಲಿರುವ ಅಥವಾ ದಂಡಿನೊಂದಿಗೆ ಸಾಗುತ್ತಿರುವ ಸೇನಾ ಸಿಬ್ಬಂದಿಯಿಂದ ಸುಂಕ ವಸೂಲು ಮಾಡಬಾರದು ಎಂಬುದು ಅದರ ತಿರುಳು. ಪಡೆಗಳು ದಿನಗಟ್ಟಲೆ ನಡೆದು, ಸೇತುವೆಗಳನ್ನೂ ಕಡವುಗಳನ್ನೂ ದಾಟಿ ಸಾಗುತ್ತಿದ್ದ ಕಾಲಕ್ಕೆ ಬರೆದ ಈ ಕಾಯ್ದೆಯ ಕಣ್ಣಮುಂದೆ ಸ್ವಂತ ಕಾರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಕುಂದಾಪುರದಿಂದ ಮಂಗಳೂರಿಗೆ ಹೊರಟ ಸೈನಿಕ ಇದ್ದಿರಲು ಸಾಧ್ಯವಿಲ್ಲ. ಇಂದಿನ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಅಂತರದಲ್ಲಿಯೇ.

2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು ಈ ಹಳೆಯ ಕಾಯ್ದೆಯನ್ನು ತಮ್ಮೊಳಗೆ ಸೇರಿಸಿಕೊಂಡು, ವಿನಾಯಿತಿಯನ್ನು ನೌಕಾಪಡೆಗೂ ವಿಸ್ತರಿಸಿದವು. ಅವುಗಳ 11ನೇ ನಿಯಮದ ಪ್ರಕಾರ ರಕ್ಷಣಾ ಸಚಿವಾಲಯ ಅಧಿಕೃತ ಕೆಲಸಕ್ಕೆ ಬಳಸುವ ವಾಹನಗಳಿಗೆ ಶುಲ್ಕವಿಲ್ಲ. ಸಮವಸ್ತ್ರದಲ್ಲಿರುವ ಕೇಂದ್ರ ಮತ್ತು ರಾಜ್ಯದ ಸಶಸ್ತ್ರ ಪಡೆಗಳು, ಅರೆಸೇನಾ ಪಡೆಗಳು ಹಾಗೂ ಪೊಲೀಸರು ಅಧಿಕೃತ ಕೆಲಸಕ್ಕೆ ಬಳಸುವ ವಾಹನಗಳಿಗೂ ಇಲ್ಲ. ಎರಡೂ ಕಡೆ ಬರುವ ಷರತ್ತನ್ನು ಗಮನಿಸಬೇಕು: ಕೆಲಸ ಅಧಿಕೃತವಾಗಿರಬೇಕು. ಸಮವಸ್ತ್ರದ ಪ್ರಸ್ತಾಪ ನಿಯಮದಲ್ಲಿದೆ, ಆದರೆ ಅದು ಈ ಷರತ್ತಿನ ನಂತರ ಬರುವ ಎರಡನೆಯ ಗುರುತು. ಸಮವಸ್ತ್ರ ಧರಿಸಿ ಸ್ವಂತ ಕಾರಿನಲ್ಲಿ ಮದುವೆಗೆ ಹೊರಟವರಿಗೆ ಈ ನಿಯಮದಡಿ ವಿನಾಯಿತಿ ಸಿಗುವುದಿಲ್ಲ.

ನಿವೃತ್ತ ಯೋಧರ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ನಿವೃತ್ತರಾದ ಮೇಲೆ ಕರ್ತವ್ಯದ ಪ್ರಯಾಣ ಎಂಬುದೇ ಇರುವುದಿಲ್ಲವಾದ್ದರಿಂದ, ಮಾಜಿ ಸೈನಿಕರ ಗುರುತಿನ ಚೀಟಿ ಟೋಲ್ ವಿನಾಯಿತಿಗೆ ಆಧಾರವಲ್ಲ. ಇದಕ್ಕಿರುವ ಮುಖ್ಯ ಅಪವಾದವೆಂದರೆ ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ ಮತ್ತು ಶೌರ್ಯ ಚಕ್ರ ಪುರಸ್ಕೃತರು. ಅವರು ದೃಢೀಕೃತ ಭಾವಚಿತ್ರದ ಗುರುತಿನ ಚೀಟಿ ತೋರಿಸಿದರೆ ಶುಲ್ಕ ಕೇಳುವಂತಿಲ್ಲ. ಗಡಿಯಲ್ಲಿ ಇಪ್ಪತ್ತು ವರ್ಷ ಕಳೆದು ಬಂದ ಹವಾಲ್ದಾರರೊಬ್ಬರಿಗೆ ಇಲ್ಲದ ಸವಲತ್ತು ರಾಜಕೀಯ ಗಣ್ಯರಿಗೆ ಏಕೆ ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ. ಟೋಲ್ ಗೇಟಿನ ಬದಿಯ ಫಲಕದಲ್ಲಿ ವಿನಾಯಿತಿ ಪಡೆದವರ ಉದ್ದ ಪಟ್ಟಿಯನ್ನು ಓದಿದ ಯಾರಿಗೂ ಈ ಪ್ರಶ್ನೆ ಹೊಳೆಯದಿರದು. ಆದರೆ ಅದಕ್ಕೆ ಉತ್ತರ ಕೊಡಬೇಕಾದದ್ದು ನಿಯಮ ರೂಪಿಸುವ ಸಚಿವಾಲಯ. ಕಿಂಡಿಯಲ್ಲಿ ಕುಳಿತ ಇಪ್ಪತ್ತೆರಡರ ಹುಡುಗಿಯಿಂದ ಅದನ್ನು ನಿರೀಕ್ಷಿಸುವುದು ವ್ಯರ್ಥ.

ಹಾಗಾದರೆ ರಜೆ ಮುಗಿಸಿ ತನ್ನ ತುಕಡಿಗೆ ಮರಳುವ ಸೈನಿಕ ಕರ್ತವ್ಯದ ಮೇಲಿದ್ದಾನೆಯೇ? ಸೈನಿಕನ ದೃಷ್ಟಿಯಲ್ಲಿ ಖಂಡಿತ ಹೌದು, ಏಕೆಂದರೆ ತಡವಾಗಿ ತಲುಪಿದರೆ ಶಿಸ್ತುಕ್ರಮ ಎದುರಿಸಬೇಕಾದವನು ಅವನೇ. ಟೋಲ್ ಸಂಸ್ಥೆಯ ದೃಷ್ಟಿಯಲ್ಲಿ ರಜೆ ಖಾಸಗಿ, ಕಾರು ಖಾಸಗಿ, ಆದ್ದರಿಂದ ಪ್ರಯಾಣವೂ ಖಾಸಗಿ. ಶುಲ್ಕ ನಿಯಮಗಳನ್ನು ಅಕ್ಷರಶಃ ಓದಿದರೆ ಟೋಲ್ ಸಂಸ್ಥೆಯ ಅರ್ಥವೇ ಹೆಚ್ಚು ಹೊಂದುತ್ತದೆ. ಆದರೆ ಇಬ್ಬರಲ್ಲಿ ಯಾರೂ ನಿಯಮದ ಪ್ರತಿಯನ್ನು ಕೈಯಲ್ಲಿ ಹಿಡಿದು ಮಾತನಾಡುವುದಿಲ್ಲ. ಹಿಂದೆ ಸಾಲುಗಟ್ಟಿದ ವಾಹನಗಳು ಹಾರ್ನ್ ಒತ್ತುತ್ತಿರುವಾಗ, ಒಬ್ಬರು ಗುರುತಿನ ಚೀಟಿ ಚಾಚುತ್ತಾರೆ, ಇನ್ನೊಬ್ಬರು ತಲೆ ಅಲ್ಲಾಡಿಸುತ್ತಾರೆ.

ಕಿಡಿ ಹೊತ್ತುವುದು ಟೋಲ್ ಗೇಟಿನಲ್ಲಿಯೇ ಏಕೆ

ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ ಇಂಥ ಜಗಳಗಳು ನಡೆಯದೆ ಟೋಲ್ ಗೇಟಿನಲ್ಲಿಯೇ ಮತ್ತೆ ಮತ್ತೆ ನಡೆಯಲು ಕಾರಣಗಳಿವೆ. ಮೊದಲನೆಯದು ಹಣದ ವ್ಯವಸ್ಥೆ. ಹೆದ್ದಾರಿ ಪ್ರಾಧಿಕಾರ ಅನೇಕ ಕಡೆ ಟೋಲ್ ಸಂಗ್ರಹವನ್ನು ಹರಾಜಿನ ಮೂಲಕ ಅಲ್ಪಾವಧಿಗೆ ಗುತ್ತಿಗೆ ಕೊಡುತ್ತದೆ. ಗುತ್ತಿಗೆದಾರ ಪ್ರಾಧಿಕಾರಕ್ಕೆ ನಿಗದಿತ ಮೊತ್ತ ಕಟ್ಟಬೇಕು, ಅದರ ಮೇಲೆ ಸಂಗ್ರಹವಾದದ್ದು ಅವನದು. ರಸ್ತೆ ನಿರ್ಮಿಸಿದ ಕಂಪನಿಯೇ ಟೋಲ್ ಎತ್ತುವ ಕಡೆಗಳಲ್ಲಿಯೂ ಹೂಡಿಕೆ ಮರಳುವುದು ಈ ಹಣದಿಂದಲೇ. ಹೀಗಾಗಿ ಉಚಿತವಾಗಿ ಬಿಟ್ಟ ಪ್ರತಿಯೊಂದು ವಾಹನವೂ ಸಂಗ್ರಹಿಸುವವನ ಲೆಕ್ಕದಲ್ಲಿ ನಷ್ಟವಾಗುತ್ತದೆ, ಅನುಮಾನ ಬಂದಾಗ ಹಣ ಕೇಳುವುದು ಸಿಬ್ಬಂದಿಗೆ ಕಲಿಸಿಕೊಟ್ಟ ಪಾಠವಾಗುತ್ತದೆ.

ಎರಡನೆಯದು ಫಾಸ್ಟ್ಯಾಗ್. 2021ರ ಫೆಬ್ರವರಿಯಲ್ಲಿ ಅದು ಕಡ್ಡಾಯವಾಗುವ ಮೊದಲು ನಗದು ಸಾಲಿನಲ್ಲಿ ಗುರುತಿನ ಚೀಟಿ ನೋಡಿ ಬಿಟ್ಟುಬಿಡುವುದು ಸುಲಭವಿತ್ತು. ಈಗ ಗಾಜಿನ ಮೇಲಿನ ಟ್ಯಾಗ್ ಅನ್ನು ಯಂತ್ರ ಓದಿದ ಕೂಡಲೇ ಹಣ ಕಡಿತವಾಗುತ್ತದೆ. ವಿನಾಯಿತಿ ಬೇಕಾದವರು ಅದಕ್ಕೆ ಮುಂಚೆಯೇ ವಾಹನ ನಿಲ್ಲಿಸಿ, ಸಿಬ್ಬಂದಿಯನ್ನು ಕರೆದು, ದಾಖಲೆ ತೋರಿಸಿ, ಯಂತ್ರವನ್ನು ಬದಿಗಿರಿಸುವಂತೆ ಕೇಳಬೇಕು. ಅಧಿಕೃತ ವಾಹನಗಳಿಗೆ ವಿನಾಯಿತಿ ಟ್ಯಾಗ್ ಸಿಗುತ್ತದೆಯಾದರೂ, ಕರ್ತವ್ಯಕ್ಕೆಂದು ಸ್ವಂತ ಕಾರು ಬಳಸುವ ಸೈನಿಕನ ಟ್ಯಾಗ್ ಎಲ್ಲರ ಟ್ಯಾಗಿನಂತೆಯೇ ಇರುತ್ತದೆ. ತಂತ್ರಜ್ಞಾನ ಸಾಲನ್ನು ಕಡಿಮೆ ಮಾಡಿತು, ಆದರೆ ಸಾಲಿನಿಂದ ಹೊರಗೆ ನಿಂತು ಮಾತನಾಡಬೇಕಾದವರಿಗೆ ಕಷ್ಟವನ್ನು ಹೆಚ್ಚಿಸಿತು.

ಮೂರನೆಯ ಕಾರಣ ನಮ್ಮ ಕರಾವಳಿಗೇ ವಿಶಿಷ್ಟವಾದದ್ದು. ಇಲ್ಲಿ ಟೋಲ್ ಗೇಟಿನ ಮೇಲೆ ಜನರಿಗಿರುವ ಸಿಟ್ಟು ಹಳೆಯದು. ಹೆಜಮಾಡಿಯಿಂದ ಅಷ್ಟೇನೂ ದೂರವಿಲ್ಲದ ಸುರತ್ಕಲ್ ಟೋಲ್ ಗೇಟಿನ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆದು, ಕೊನೆಗೆ ಹಗಲುರಾತ್ರಿ ಧರಣಿಯ ಬಳಿಕ 2022ರ ಡಿಸೆಂಬರ್ 1ರಂದು ಅಲ್ಲಿ ಸಂಗ್ರಹ ನಿಂತಿತು. ಸಾಸ್ತಾನದಲ್ಲಿ ಸ್ಥಳೀಯ ವಾಹನಗಳ ವಿನಾಯಿತಿಗಾಗಿ ಹಗ್ಗಜಗ್ಗಾಟ ನಡೆಯುತ್ತಲೇ ಬಂದಿದೆ. ಸರ್ವಿಸ್ ರಸ್ತೆ ಇಲ್ಲದ, ಮಳೆಗಾಲದಲ್ಲಿ ಹೊಂಡ ಬೀಳುವ ಹೆದ್ದಾರಿಗೆ ಹಣ ಕೊಡಬೇಕೇ ಎಂಬ ಅಸಮಾಧಾನ ಮೊದಲೇ ಕುದಿಯುತ್ತಿರುವಾಗ, ಅದೇ ಗೇಟಿನಲ್ಲಿ ಸೈನಿಕರೊಬ್ಬರನ್ನು ತಡೆದ ಸುದ್ದಿ ಬಂದರೆ ಜನರ ಸಿಟ್ಟಿಗೆ ಇನ್ನೊಂದು ಕಾರಣ ಸಿಕ್ಕಂತಾಗುತ್ತದೆ. ಆ ಕ್ಷಣದಲ್ಲಿ ಸೈನಿಕನ ಪರವಾಗಿ ಏಳುವ ದನಿಯಲ್ಲಿ ಎಷ್ಟು ಭಾಗ ಸೇನೆಯ ಮೇಲಿನ ಅಭಿಮಾನ, ಎಷ್ಟು ಭಾಗ ಟೋಲಿನ ಮೇಲಿನ ಕೋಪ ಎಂದು ಬೇರ್ಪಡಿಸುವುದು ಸುಲಭವಲ್ಲ.

ದಂಡುಪ್ರದೇಶವಿಲ್ಲದ ಊರಿನ ನೋಟ

ಬೆಳಗಾವಿಯ ಜನರಿಗೆ ಮರಾಠಾ ಲಘು ಪದಾತಿ ದಳದ ಕೇಂದ್ರ ಊರಿನ ಭಾಗವೇ ಆಗಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಅವರನ್ನು ಕೊಟ್ಟ ಕೊಡಗಿನಲ್ಲಿ ಸೇನೆಯ ನಂಟಿಲ್ಲದ ಬಂಧುಬಳಗ ಅಪರೂಪ. ಮಂಗಳೂರು ಮತ್ತು ಉಡುಪಿಯ ಸ್ಥಿತಿ ಹಾಗಿಲ್ಲ. ಇಲ್ಲಿನ ಯುವಕರು ತಲೆಮಾರುಗಳಿಂದ ಮುಂಬೈಯ ಹೋಟೆಲುಗಳಿಗೆ, ಬ್ಯಾಂಕುಗಳಿಗೆ, ಕೊಲ್ಲಿ ದೇಶಗಳಿಗೆ ಹೋದವರು. ಸೇನಾ ಭರ್ತಿ ಕಚೇರಿ ಮಂಗಳೂರಿನಲ್ಲಿಯೇ ಇದ್ದರೂ, ಭರ್ತಿ ಮೇಳಗಳಿಗೆ ಘಟ್ಟದ ಮೇಲಿನ ಜಿಲ್ಲೆಗಳಿಂದ ಬರುವವರೇ ಹೆಚ್ಚು ಎಂಬ ಮಾತು ಇಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ.

ಇದರ ಪರಿಣಾಮವಾಗಿ ಇಲ್ಲಿ ಸೈನಿಕ ಎದುರಾಗುವುದು ಹೆಚ್ಚಾಗಿ ವಿಶೇಷ ಸಂದರ್ಭಗಳಲ್ಲಿ. ನಿವೃತ್ತರಾಗಿ ಬಂದವರನ್ನು ರೈಲು ನಿಲ್ದಾಣದಲ್ಲಿ ಚೆಂಡೆ ಬಾರಿಸಿ ಎದುರುಗೊಂಡು, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ, ಭಜನಾ ಮಂದಿರ ಅಥವಾ ಯುವಕ ಮಂಡಲದ ವೇದಿಕೆಯಲ್ಲಿ ಶಾಲು ಹೊದೆಸಿ, ಹಣ್ಣುಕಾಯಿ ಕೊಟ್ಟು ಹುಟ್ಟೂರ ಸನ್ಮಾನ ಮಾಡುವುದು ಸಾಮಾನ್ಯ. ಕಾರ್ಗಿಲ್ ವಿಜಯ ದಿನದಂದು ಮಂಗಳೂರಿನ ಕದ್ರಿ ಹಿಲ್ಸ್‌ನ ಯುದ್ಧ ಸ್ಮಾರಕದಲ್ಲಿ, ಉಡುಪಿಯ ಅಜ್ಜರಕಾಡಿನ ಹುತಾತ್ಮ ಸ್ಮಾರಕದಲ್ಲಿ ಹೂವಿನ ಗುಚ್ಛ ಇರಿಸುತ್ತಾರೆ. ಸಾವು ಬಂದಾಗ ಊರಿಗೆ ಊರೇ ಸೇರುತ್ತದೆ. 2023ರ ನವೆಂಬರ್‌ನಲ್ಲಿ ರಜೌರಿಯಲ್ಲಿ ಸುರತ್ಕಲ್‌ನಲ್ಲಿ ಓದಿ ಬೆಳೆದ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಹುತಾತ್ಮರಾದಾಗ ಮಂಗಳೂರು ಮರುಗಿತು. 2024ರ ಡಿಸೆಂಬರ್‌ನಲ್ಲಿ ಪೂಂಚ್‌ನಲ್ಲಿ ಸೇನಾ ವಾಹನ ಕಂದಕಕ್ಕೆ ಉರುಳಿ ಮೃತಪಟ್ಟ ಐವರಲ್ಲಿ ಮೂವರು ಕರ್ನಾಟಕದವರು, ಅವರಲ್ಲಿ ಒಬ್ಬರು ಕುಂದಾಪುರ ಬಳಿಯ ಬೀಜಾಡಿಯವರು. ಅವರ ಅಂತಿಮ ದರ್ಶನಕ್ಕೆ ದೊಡ್ಡ ಜನಸ್ತೋಮವೇ ನೆರೆದಿತ್ತು.

ಈ ಗೌರವ ಪ್ರಾಮಾಣಿಕವಾದದ್ದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ವೇದಿಕೆಯ ಮೇಲೆ ಮತ್ತು ಅಂತಿಮಯಾತ್ರೆಯಲ್ಲಿ ಮಾತ್ರ ರೂಢಿಯಾದ ಗೌರವಕ್ಕೆ ನಿತ್ಯದ ವ್ಯವಹಾರದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಅಭ್ಯಾಸ ಇರುವುದಿಲ್ಲ. ನಿನ್ನೆ ಹಾರ ಹಾಕಿದ ಊರಿನಲ್ಲೇ ಇಂದು ಮನೆ ಬಾಡಿಗೆಗೆ ಕೇಳಿದಾಗ, ಮಗುವನ್ನು ವರ್ಷದ ನಡುವೆ ಶಾಲೆಗೆ ಸೇರಿಸಲು ಹೋದಾಗ, ಮಾಜಿ ಸೈನಿಕರ ಕೋಟಾದಲ್ಲಿ ಜಮೀನಿಗೆ ಅರ್ಜಿ ಹಾಕಿ ಕಡತದ ಬೆನ್ನು ಹತ್ತಿದಾಗ ಅದೇ ವ್ಯಕ್ತಿ ಉಳಿದವರಂತೆಯೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಸೇವೆಯಲ್ಲಿರುವ ಸೈನಿಕರು ರಜೆಯಲ್ಲಿ ಸಾಮಾನ್ಯವಾಗಿ ಸಮವಸ್ತ್ರ ತೊಡುವುದೂ ಇಲ್ಲ. ಭದ್ರತೆಯ ದೃಷ್ಟಿಯಿಂದ ಸಾದಾ ಉಡುಪಿನಲ್ಲಿ ರೈಲು ಹತ್ತುವವರೇ ಹೆಚ್ಚು. ಆದ್ದರಿಂದ ಸಮವಸ್ತ್ರವನ್ನು ಕಂಡು ಎದ್ದುನಿಲ್ಲುವ ಸಂದರ್ಭ ನಾಗರಿಕರಿಗೆ ಸಿಗುವುದೇ ವಿರಳ.

ಇಲ್ಲಿ ಇನ್ನೊಂದು ತೊಡಕಿದೆ. ನಾವು ದಿನವೂ ನೋಡುವ ಖಾಕಿ, ಬಿಳಿ ಮತ್ತು ಮಚ್ಚೆ ಬಟ್ಟೆಗಳೆಲ್ಲ ಒಂದೇ ಪಡೆಯವಲ್ಲ. ಬಜ್ಪೆಯ ವಿಮಾನ ನಿಲ್ದಾಣ, ನವಮಂಗಳೂರು ಬಂದರು, ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರದ ದ್ವಾರಗಳಲ್ಲಿ ನಿಲ್ಲುವವರು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು (ಸಿಐಎಸ್ಎಫ್), ಅವರು ಗೃಹ ಸಚಿವಾಲಯಕ್ಕೆ ಸೇರಿದವರು. ನೆರೆ ಬಂದಾಗ ಕಿತ್ತಳೆ ಬಣ್ಣದ ಉಡುಪಿನಲ್ಲಿ ದೋಣಿ ಇಳಿಸುವ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ (ಎನ್‌ಡಿಆರ್‌ಎಫ್) ಕೂಡ ಅದೇ ಸಚಿವಾಲಯದ್ದು. ಮಲ್ಪೆಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕರಾವಳಿ ಕಾವಲು ಪೊಲೀಸ್ ರಾಜ್ಯ ಸರ್ಕಾರದ ಪಡೆ. ಪಣಂಬೂರಿನಲ್ಲಿ ನೆಲೆಯಿರುವ ಕೋಸ್ಟ್ ಗಾರ್ಡ್ ಮಾತ್ರ ರಕ್ಷಣಾ ಸಚಿವಾಲಯದಡಿ ಬರುತ್ತದೆ, ಆದರೆ ಅದು ಮೂರು ಸೇನೆಗಳಲ್ಲಿ ಒಂದಲ್ಲ. ಜನ ಇವರೆಲ್ಲರನ್ನೂ ಮಿಲಿಟ್ರಿಯವರು ಎಂದೇ ಕರೆಯುತ್ತಾರೆ. ಗೌರವ ತೋರಲು ಈ ವ್ಯತ್ಯಾಸ ತಿಳಿದಿರಬೇಕಾಗಿಲ್ಲ. ಆದರೆ ಯಾರಿಗೆ ಯಾವ ಹಕ್ಕಿದೆ, ಯಾರು ತಪ್ಪಿದರೆ ದೂರು ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ ವ್ಯತ್ಯಾಸವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಕಡಲಿನಲ್ಲಿ ಕಾಣುವ ಸಮವಸ್ತ್ರ

ಕರಾವಳಿಯಲ್ಲಿ ಸಮವಸ್ತ್ರದ ಪಡೆಗಳೊಂದಿಗೆ ನಿಜವಾಗಿ ದಿನನಿತ್ಯದ ಒಡನಾಟ ಇರುವವರು ಮೀನುಗಾರರು. ಟೋಲ್ ಗೇಟಿನ ಚರ್ಚೆಯಲ್ಲಿ ಅವರ ಅನುಭವವನ್ನು ಯಾರೂ ಎತ್ತುವುದಿಲ್ಲ, ಆದರೆ ಈ ವಿಷಯದಲ್ಲಿ ಅವರಿಂದ ತಿಳಿಯಬೇಕಾದದ್ದೇ ಹೆಚ್ಚು.

2008ರ ಮುಂಬೈ ದಾಳಿಕೋರರು ಅಪಹರಿಸಿದ ಮೀನುಗಾರಿಕೆ ದೋಣಿಯನ್ನು ಬಳಸಿಕೊಂಡು ಬಂದ ನಂತರ, ಇಡೀ ಪಶ್ಚಿಮ ಕರಾವಳಿಯಲ್ಲಿ ಬೋಟುಗಳ ತಪಾಸಣೆ ಬಿಗಿಯಾಯಿತು. ನೋಂದಣಿ, ಗುರುತಿನ ಚೀಟಿ, ಬೋಟಿನಲ್ಲಿ ದುಡಿಯುವ ಕಲಾಸಿಗಳ ವಿವರ ಎಲ್ಲವನ್ನೂ ಆಳಸಮುದ್ರದಲ್ಲಿ ಬಲೆ ಎಳೆಯುವ ಹೊತ್ತಿನಲ್ಲಿಯೂ ತೋರಿಸಬೇಕಾದ ಸಂದರ್ಭ ಬರುತ್ತದೆ. ಹೀಗೆ ತಪಾಸಣೆ ಮಾಡುವ ಕೋಸ್ಟ್ ಗಾರ್ಡ್‌ನಂಥ ಪಡೆಯೇ ಎಂಜಿನ್ ಕೆಟ್ಟಾಗ, ಬೋಟಿನಲ್ಲಿ ಬೆಂಕಿ ಹೊತ್ತಿಕೊಂಡಾಗ, ಕಲಾಸಿಯೊಬ್ಬನಿಗೆ ಎದೆನೋವು ಬಂದಾಗ ನೆರವಿಗೆ ಬರುತ್ತದೆ. ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ ಇರುವುದು ಇದಕ್ಕಾಗಿಯೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಅಬ್ಬರಕ್ಕೆ ಸಿಲುಕಿ ಮುಲ್ಕಿ ಬಳಿಯ ಬಂಡೆಗಳಲ್ಲಿ ಸಿಕ್ಕಿಬಿದ್ದ ಕೋರಮಂಡಲ್ ಸಪೋರ್ಟರ್ 9 ಎಂಬ ಟಗ್‌ನ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಕಾಪಾಡಿದವು. ಹೀಗೆ ಮೀನುಗಾರರಿಗೆ ಸಮವಸ್ತ್ರ ಎಂದರೆ ಒಂದೇ ಹೊತ್ತಿಗೆ ಪ್ರಶ್ನಿಸುವವರೂ ಹೌದು, ಜೀವ ಉಳಿಸುವವರೂ ಹೌದು.

ಸುವರ್ಣ ತ್ರಿಭುಜ ಎಂಬ ಮೀನುಗಾರಿಕೆ ಬೋಟಿನ ಪ್ರಕರಣದಲ್ಲಿ ಈ ಸಂಬಂಧ ಕಠಿಣ ಪರೀಕ್ಷೆಗೆ ಒಳಗಾಯಿತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಈ ಬೋಟು ಏಳು ಮೀನುಗಾರರೊಂದಿಗೆ ಮಹಾರಾಷ್ಟ್ರದ ಕಡಲಿನಲ್ಲಿ ಕಾಣೆಯಾಯಿತು. ನೌಕಾಪಡೆಯ ಹಡಗು ಡಿಕ್ಕಿ ಹೊಡೆದಿರಬಹುದೆಂಬ ಶಂಕೆ ಮೀನುಗಾರರಲ್ಲಿ ಬಲವಾಗಿತ್ತು. 2019ರ ಜನವರಿಯಲ್ಲಿ ಸಾವಿರಾರು ಮಂದಿ ಉಡುಪಿಯಲ್ಲಿ ಹೆದ್ದಾರಿ ತಡೆದು ಉತ್ತರ ಕೇಳಿದರು. ಕೊನೆಗೆ ಆ ವರ್ಷದ ಮೇಯಲ್ಲಿ ಮಾಲ್ವಣ್ ಸಮೀಪ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿದ್ದು ನೌಕಾಪಡೆಯದೇ ಹಡಗಾದ ಐಎನ್ಎಸ್ ನಿರೀಕ್ಷಕ್. ಕುಟುಂಬಗಳ ಪ್ರಶ್ನೆಗಳು ಅಲ್ಲಿಗೆ ಮುಗಿಯಲಿಲ್ಲ. ಗಮನಿಸಬೇಕಾದದ್ದು, ಆ ದಿನಗಳಲ್ಲಿ ಪ್ರಶ್ನೆ ಕೇಳಿದ ಮೀನುಗಾರರು ಸೇನೆಯ ವಿರೋಧಿಗಳಾಗಿರಲಿಲ್ಲ. ಚಂಡಮಾರುತದ ದಿನ ಯಾರ ಹೆಲಿಕಾಪ್ಟರಿಗಾಗಿ ಆಕಾಶ ನೋಡುತ್ತಾರೋ ಅವರಿಂದಲೇ ಅವರು ಲೆಕ್ಕ ಕೇಳಿದರು. ಸಮವಸ್ತ್ರವನ್ನು ಗೌರವಿಸುವುದೂ ಅದನ್ನು ಪ್ರಶ್ನಿಸುವುದೂ ಒಟ್ಟಿಗೆ ಸಾಧ್ಯ ಎಂಬುದಕ್ಕೆ ಮಲ್ಪೆಯ ಧಕ್ಕೆಗಿಂತ ಒಳ್ಳೆಯ ಸಾಕ್ಷ್ಯ ಈ ಭಾಗದಲ್ಲಿ ಸಿಗಲಾರದು.

ವಾದಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ

ಸೈನಿಕರಿಗೆ ಎಲ್ಲ ಕಡೆ ವಿನಾಯಿತಿ ಇರಲಿ ಎನ್ನುವವರ ವಾದಕ್ಕೆ ಗಟ್ಟಿಯಾದ ನೆಲೆಯಿದೆ. ಸೈನಿಕ ವರ್ಷದ ಬಹುಭಾಗ ಮನೆಯಿಂದ ದೂರವಿರುತ್ತಾನೆ, ಸಂಘ ಕಟ್ಟುವ ಅಥವಾ ಮುಷ್ಕರ ಹೂಡುವ ಸ್ವಾತಂತ್ರ್ಯ ಅವನಿಗಿಲ್ಲ, ಅವನ ಕೆಲಸದ ಸ್ವರೂಪವೇ ಜೀವದ ಹಂಗು ತೊರೆಯುವುದು. ಇಂಥವನಿಗೆ ನೂರಿನ್ನೂರು ರೂಪಾಯಿಯ ವಿನಾಯಿತಿ ಕೊಟ್ಟರೆ ಹೆದ್ದಾರಿಯ ಆದಾಯಕ್ಕೆ ದೊಡ್ಡ ಹೊಡೆತ ಬೀಳುವುದಿಲ್ಲ ಎಂದು ಅವರು ಹೇಳುತ್ತಾರೆ.

ನಿಯಮ ಎಲ್ಲರಿಗೂ ಒಂದೇ ಇರಲಿ ಎನ್ನುವವರು ಸೈನಿಕನ ತ್ಯಾಗವನ್ನು ನಿರಾಕರಿಸುವುದಿಲ್ಲ. ಸಮವಸ್ತ್ರದ ಕಾರಣಕ್ಕೆ ಕೊಡುವ ಅನಿಯಮಿತ ವಿನಾಯಿತಿ ಮುಂದೆ ದಬ್ಬಾಳಿಕೆಗೆ ದಾರಿಯಾಗಬಹುದು ಎಂಬುದು ಅವರ ಆತಂಕ, ಅದಕ್ಕೆ ಅವರು ಶ್ರೀನಗರ ವಿಮಾನ ನಿಲ್ದಾಣದ ಘಟನೆಯನ್ನು ಮುಂದಿಡುತ್ತಾರೆ. ಅಲ್ಲಿ ತಮ್ಮ ಕೆಲಸ ಮಾಡುತ್ತಿದ್ದ ಸಿಬ್ಬಂದಿಯೂ ಯಾರದೋ ಮನೆಯ ಮಕ್ಕಳೇ. ಕಾನೂನು ಕೂಡ ಇಲ್ಲಿ ಸಮತೋಲ ಕಾಯ್ದುಕೊಂಡಿದೆ. ಅಧಿಕೃತ ಕರ್ತವ್ಯದಲ್ಲಿ ಮಾಡಿದ ಕೆಲಸಕ್ಕಾಗಿ ಸೈನಿಕನನ್ನು ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಬಂಧಿಸುವಂತಿಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 42ನೇ ಸೆಕ್ಷನ್ ಹೇಳುತ್ತದೆ. ವಿಮಾನ ನಿಲ್ದಾಣದಲ್ಲಿ ಲಗೇಜಿನ ಜಗಳ ಅಂಥ ಕೆಲಸವಲ್ಲ. ಹಾಗೆಯೇ ಸಾರ್ವಜನಿಕ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಲು ಹಲ್ಲೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಅನ್ವಯವಾಗುತ್ತದೆ, ಆದರೆ ರಜೆಯಲ್ಲಿರುವ ಸೈನಿಕನಿಗೆ ಹೊಡೆದಾಗ ಅದು ಅನ್ವಯವಾಗುವುದು ಕಷ್ಟ. ಆಗ ಯಾವುದೇ ನಾಗರಿಕನ ಮೇಲಿನ ಹಲ್ಲೆಗೆ ಇರುವ ಸೆಕ್ಷನ್‌ಗಳೇ ಗತಿ. ಅವೇನೂ ದುರ್ಬಲವಲ್ಲ, ಕಂಬಕ್ಕೆ ಕಟ್ಟಿ ಹೊಡೆಯುವುದು ಯಾರ ವಿಷಯದಲ್ಲಿಯೂ ಗಂಭೀರ ಅಪರಾಧವೇ.

ಎರಡೂ ವಾದಗಳನ್ನು ತೂಗಿ ನೋಡಿದರೆ, ಜಗಳಗಳಿಗೆ ಮೂಲ ಜನರ ಕೃತಘ್ನತೆಯೂ ಅಲ್ಲ, ಸೈನಿಕರ ದರ್ಪವೂ ಅಲ್ಲ ಎಂಬುದು ಸ್ಪಷ್ಟವಾಗುತ್ತದೆ. ಹಕ್ಕು ಎಲ್ಲಿಗೆ ಮುಗಿಯುತ್ತದೆ, ಗೌರವ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ತೀರ್ಮಾನಿಸುವ ಕೆಲಸವನ್ನು ಅತ್ಯಂತ ಕಡಿಮೆ ಸಂಬಳದ ಗುತ್ತಿಗೆ ನೌಕರನಿಗೆ, ಅತ್ಯಂತ ಅವಸರದ ಹೊತ್ತಿನಲ್ಲಿ ಒಪ್ಪಿಸಲಾಗಿದೆ. 2023ರಲ್ಲಿ ಹೆದ್ದಾರಿ ಪ್ರಾಧಿಕಾರ ಟೋಲ್ ಗೇಟಿನ ಜಗಳಗಳನ್ನು ತಡೆಯಲು ಕಾರ್ಯವಿಧಾನವೊಂದನ್ನು ಹೊರಡಿಸಿ, ಹೆಸರಿನ ಬ್ಯಾಡ್ಜ್, ದೇಹಕ್ಕೆ ಅಳವಡಿಸುವ ಕ್ಯಾಮೆರಾ, ಸಿಬ್ಬಂದಿಗೆ ತರಬೇತಿ ಇತ್ಯಾದಿಗಳನ್ನು ಸೂಚಿಸಿತ್ತು. ಅದಾಗಿ ಎರಡು ವರ್ಷಕ್ಕೆ ಭೂನಿಯ ಘಟನೆ ನಡೆಯಿತು ಎಂದರೆ ಸುತ್ತೋಲೆ ಕಿಂಡಿಯವರೆಗೆ ಎಷ್ಟು ತಲುಪಿತ್ತು ಎಂದು ಊಹಿಸಬಹುದು.

ನಕಲಿಗಳ ಕಾಲದಲ್ಲಿ ಗುರುತು ಕೇಳುವುದು

ಸೈನಿಕರ ಬಳಿ ಗುರುತಿನ ಚೀಟಿ ಕೇಳುವುದೇ ಅವಮಾನ ಎಂಬ ಭಾವನೆ ಅನೇಕರಲ್ಲಿದೆ. ಇದನ್ನು ಸೇನೆಯೇ ಒಪ್ಪಲಾರದು. 2016ರ ಪಠಾಣ್‌ಕೋಟ್ ವಾಯುನೆಲೆಯ ದಾಳಿಕೋರರು ಸೇನೆಯ ಉಡುಪಿನಲ್ಲಿ ಬಂದಿದ್ದರು. ಆ ಬಳಿಕ ಸೇನೆಯ ಮಾದರಿಯ ಬಟ್ಟೆ ಮಾರಬೇಡಿ, ಧರಿಸಬೇಡಿ ಎಂದು ಸೇನೆ ಸಾರ್ವಜನಿಕವಾಗಿ ಮನವಿ ಮಾಡಿತು. 2022ರ ಸೇನಾ ದಿನದಂದು ಅನಾವರಣಗೊಂಡ ಹೊಸ ಡಿಜಿಟಲ್ ವಿನ್ಯಾಸದ ಸಮರ ಉಡುಪಿನ ಹಕ್ಕನ್ನು ಸೇನೆ ನೋಂದಾಯಿಸಿಕೊಂಡದ್ದೂ ಅದು ಬೀದಿ ಅಂಗಡಿಗೆ ಬರಬಾರದೆಂದೇ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಅಂಥ ಉಡುಪು ತೊಟ್ಟರೆ ನ್ಯಾಯ ಸಂಹಿತೆಯ 168ನೇ ಸೆಕ್ಷನ್ ಅಡಿ ಮೂರು ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಇದಕ್ಕಿಂತ ಹೆಚ್ಚು ಜನರನ್ನು ತಟ್ಟಿರುವುದು ಆನ್‌ಲೈನ್ ವಂಚನೆ. ವರ್ಗಾವಣೆಯಾಗಿದೆ, ಬೈಕ್ ಅಗ್ಗಕ್ಕೆ ಮಾರುತ್ತೇನೆ, ಮನೆ ಬಾಡಿಗೆಗೆ ಬೇಕು, ಮುಂಗಡ ಕಳಿಸುತ್ತೇನೆ ಎಂದು ಸಮವಸ್ತ್ರದ ಫೋಟೊ ಮತ್ತು ನಕಲಿ ಗುರುತಿನ ಚೀಟಿ ತೋರಿಸಿ ಹಣ ಲಪಟಾಯಿಸುವ ಜಾಲಗಳು ದೇಶದಾದ್ಯಂತ ಕೆಲಸ ಮಾಡುತ್ತಿವೆ. ಸಮವಸ್ತ್ರದ ಮೇಲಿನ ಜನರ ನಂಬಿಕೆಯೇ ಇವರ ಬಂಡವಾಳ. ಒಮ್ಮೆ ಮೋಸಹೋದ ಮನೆಯವರು ಮುಂದೆ ನಿಜವಾದ ಸೈನಿಕನಿಗೂ ಮನೆ ಕೊಡಲು ಹಿಂಜರಿಯುತ್ತಾರೆ. ಪರಿಶೀಲನೆ ಎಂಬುದು ಸೌಜನ್ಯದ ಮಾತಿನೊಂದಿಗೆ ನಡೆದರೆ ಅದರಿಂದ ಹೆಚ್ಚು ಲಾಭವಾಗುವುದು ಅಸಲಿ ಸೈನಿಕನಿಗೇ.

ಮುಂದಿನ ದಿನಗಳಲ್ಲಿ ಏನಾಗಬಹುದು

ತಕ್ಷಣದ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಭೂನಿಯ ದಂಡದ ಸುದ್ದಿ ಓದಿದ ಟೋಲ್ ಸಂಸ್ಥೆಗಳು, ಜಗಳಕ್ಕಿಂತ ಬಿಟ್ಟುಬಿಡುವುದೇ ಅಗ್ಗ ಎಂಬ ತೀರ್ಮಾನಕ್ಕೆ ಬರುವ ಸಾಧ್ಯತೆ ಹೆಚ್ಚು. ಗುರುತಿನ ಚೀಟಿ ಕಂಡೊಡನೆ ಗೇಟು ತೆರೆದರೆ ಗಲಾಟೆ ತಪ್ಪುತ್ತದೆ ನಿಜ, ಆದರೆ ನಿಯಮದಲ್ಲಿ ಇಲ್ಲದ ರೂಢಿಯೊಂದು ಬೆಳೆಯುತ್ತದೆ. ಒಂದು ಗೇಟಿನಲ್ಲಿ ಬಿಟ್ಟವರನ್ನು ಮುಂದಿನ ಗೇಟಿನಲ್ಲಿ ತಡೆದಾಗ, ಹೆಜಮಾಡಿಯಲ್ಲಿ ಇಲ್ಲದ್ದು ಸಾಸ್ತಾನದಲ್ಲಿ ಏಕೆ ಎಂಬ ಜಗಳ ಮೊದಲಿಗಿಂತ ಜೋರಾಗಿ ಹುಟ್ಟುತ್ತದೆ.

ಇದರ ಜತೆಗೆ ಅಗ್ನಿಪಥ ಯೋಜನೆಯ ಪರಿಣಾಮವೂ ಸೇರಲಿದೆ. 2022ರಲ್ಲಿ ಘೋಷಣೆಯಾದ ಯೋಜನೆಯಡಿ ಸೇರಿದ ಮೊದಲ ತಂಡದ ಅಗ್ನಿವೀರರ ನಾಲ್ಕು ವರ್ಷ ಮುಗಿಯುವುದು 2026ರ ಕೊನೆ ಮತ್ತು 2027ರ ಆರಂಭದಲ್ಲಿ. ಅವರಲ್ಲಿ ಗರಿಷ್ಠ ಶೇ 25ರಷ್ಟು ಮಂದಿಗೆ ಮಾತ್ರ ಸೇವೆ ಮುಂದುವರಿಯುತ್ತದೆ. ಉಳಿದವರು ಇಪ್ಪತ್ತರ ಹರೆಯದಲ್ಲಿಯೇ, ಪಿಂಚಣಿಯೂ ಮಾಜಿ ಸೈನಿಕನ ಸ್ಥಾನಮಾನವೂ ಇಲ್ಲದೆ ಊರಿಗೆ ಮರಳುತ್ತಾರೆ. ಅವರು ತೊಟ್ಟದ್ದು ಅದೇ ಸಮವಸ್ತ್ರ, ಕಾದದ್ದು ಅದೇ ಗಡಿ. ಇವರನ್ನು ಹುಟ್ಟೂರ ಸನ್ಮಾನದ ಪಟ್ಟಿಗೆ ಸೇರಿಸಬೇಕೇ, ಸಹಕಾರಿ ಸಂಘದ ಸಾಲಕ್ಕೆ ಬಂದಾಗ ಇವರನ್ನು ಯಾವ ವರ್ಗದಲ್ಲಿ ನೋಡಬೇಕು, ಮಾಜಿ ಸೈನಿಕರ ಸಂಘಗಳು ಇವರಿಗೆ ಬಾಗಿಲು ತೆರೆಯುತ್ತವೆಯೇ ಎಂಬ ಪ್ರಶ್ನೆಗಳಿಗೆ ಕರಾವಳಿಯ ಸಂಸ್ಥೆಗಳು ಉತ್ತರ ಕಂಡುಕೊಳ್ಳಬೇಕಾಗುತ್ತದೆ.

ಟೋಲ್ ಗೇಟಿನ ಸ್ವರೂಪವೂ ಬದಲಾಗುತ್ತಿದೆ. ಗುಜರಾತಿನ ಚೋರ್ಯಾಸಿಯಲ್ಲಿ ವಾಹನ ನಿಲ್ಲಿಸದೆಯೇ ಕ್ಯಾಮೆರಾ ಮತ್ತು ಫಾಸ್ಟ್ಯಾಗ್ ಮೂಲಕ ಹಣ ಪಡೆಯುವ ತಡೆರಹಿತ ವ್ಯವಸ್ಥೆಗೆ 2025ರ ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಅದು ಹೆದ್ದಾರಿ 66ಕ್ಕೆ ಬಂದರೆ ಕಿಂಡಿಯೂ ಇರುವುದಿಲ್ಲ, ಕಿಂಡಿಯಲ್ಲಿ ವಾದಿಸಲು ಮನುಷ್ಯರೂ ಇರುವುದಿಲ್ಲ. ಗುರುತಿನ ಚೀಟಿ ತೋರಿಸುವ ಅವಕಾಶವೇ ಇಲ್ಲದ ರಸ್ತೆಯಲ್ಲಿ, ಕರ್ತವ್ಯಕ್ಕೆಂದು ಸ್ವಂತ ಕಾರಿನಲ್ಲಿ ಹೊರಟ ಸೈನಿಕನಿಂದ ಹಣ ಮೊದಲು ಕಡಿತವಾಗುತ್ತದೆ, ಮರಳಿ ಪಡೆಯುವ ಹೊಣೆ ಅವನ ಮೇಲೆ ಬೀಳುತ್ತದೆ. ಸೇನೆಯ ತುಕಡಿಗಳೇ ಕರ್ತವ್ಯದ ಪ್ರಯಾಣಕ್ಕೆ ಕೊಡುವ ಚಲನಾ ಆದೇಶದ ಜೊತೆ ವಾಹನದ ಸಂಖ್ಯೆಯನ್ನು ಮುಂಚಿತವಾಗಿ ವ್ಯವಸ್ಥೆಗೆ ಸೇರಿಸುವ ಏರ್ಪಾಡು ಆಗದಿದ್ದರೆ, ಇಂದು ಹೆಜಮಾಡಿಯ ಕಿಂಡಿಯಲ್ಲಿ ನಡೆಯುವ ವಾಗ್ವಾದ ಸಹಾಯವಾಣಿಯ ದೂರು ಸಂಖ್ಯೆಯಾಗಿ ಬದಲಾಗುತ್ತದೆ, ಗಡಿಯಲ್ಲಿರುವ ಸೈನಿಕನ ಪರವಾಗಿ ಅದರ ಬೆನ್ನು ಹತ್ತುವ ಕೆಲಸ ಊರಿನಲ್ಲಿರುವ ಅವನ ಮನೆಯವರ ಪಾಲಿಗೆ ಬರುತ್ತದೆ.